ತಗ್ಗಿನ ಗೇಟಿನ ಬೋರ್ಡು

"ಎರಡು ಬಣವೆ ಹುಲ್ಲು ಜಿಂಕೆ ತಿಂದು ಹಾಕಿದ್ವು ತಾತ. ಎರಡು! ಅವೇನು ನಮ್ಮನೆ ಅಳಿಯಂದಿರಾ, ಕೂರಿಸಿ ಬಡಿಸೋಕೆ?"

"ತಿನ್ಲಿ ಬಿಡು. ಜಿಂಕೆ ಬೇಲಿ ಮುರಿಯಲ್ಲ, ಬೀರ್ ಡಬ್ಬ ಬಿಸಾಕಲ್ಲ," ಎಂದರು ಹಾಲ್ವರ್ ಬ್ರೆಕ್ಕೆ, ತಟ್ಟೆಯಲ್ಲಿ ಫೋರ್ಕಿನಿಂದ ತಡಕಾಡುತ್ತ. ಎಂಬತ್ತೆರಡು ವರ್ಷ. ಕಣ್ಣು ಮಂಜಾಗಿ, ಎಲ್ಲಿ ಮಾಂಸ ಎಲ್ಲಿ ಬೀನ್ಸ್ ಎಂದು ಹುಡುಕಿಕೊಂಡೇ ಉಣ್ಣಬೇಕಾಗಿತ್ತು.

"ಆಲೂಗಡ್ಡೆ ಎಡಗಡೆ ಇದೆ ಮಾವ," ಎಂದಳು ಸೊಸೆ ಮಾರ್ಲಿಸ್.

"ನಂಗೊತ್ತು. ಎಡ ಬಲ ಇನ್ನೂ ಮರೆತಿಲ್ಲ."

ಮೊಮ್ಮಗಳು ಸಿಗ್ರಿಡ್ ಬಿಡುವವಳಲ್ಲ. ಇಪ್ಪತ್ತಾರು ವರ್ಷದ ಹುಡುಗಿ, ಹಟದಲ್ಲಿ ತಾತನ ಪಡಿಯಚ್ಚು. ಬೇಟೆಗೆ, ಮೀನಿಗೆ ಬರುವ ಸಾರ್ವಜನಿಕರಿಗೆ ಹೊಲ ಬಿಟ್ಟರೆ ಬಣವೆಗೆ ಬೇಲಿ ಹಾಕಿಸಿಕೊಡುತ್ತೇವೆ, ಜಿಂಕೆ ಕಡಿಮೆ ಮಾಡಿಕೊಡುತ್ತೇವೆ ಎಂದು ರಾಜ್ಯದ ಬೇಟೆ ಇಲಾಖೆಯವರು ಹೇಳಿಹೋಗಿದ್ದರು. ಅವಳಿಗೆ ಬಣವೆಯೊಂದೇ ಅಲ್ಲ ಸಂಗತಿ. ಮೊಂಟಾನಾದ ಈ ಮೂಲೆಯಲ್ಲಿ ಸುತ್ತಲಿನ ರ‍್ಯಾಂಚುಗಳೆಲ್ಲ ಒಂದೊಂದಾಗಿ ಬೇಟೆ ಕಂಪನಿಗಳ ಪಾಲಾಗಿದ್ದವು. ಎಲ್ಲಿಂದಲೋ ವಿಮಾನದಲ್ಲಿ ಬರುವ ನಾಲ್ಕು ಜನಕ್ಕಾಗಿ ಗೇಟಿಗೆಲ್ಲ ಬೀಗ. ಅವಳ ಜೊತೆ ಶಾಲೆಗೆ ಹೋದವರು, ಗ್ಯಾರೇಜಿನಲ್ಲಿ ದುಡಿಯುವವರು, ತಮ್ಮ ಅಪ್ಪಂದಿರು ಬೇಟೆಯಾಡಿದ ಗುಡ್ಡವನ್ನು ರಸ್ತೆಯಲ್ಲಿ ನಿಂತು ನೋಡಿ ಹೋಗುತ್ತಿದ್ದರು.

"ಅಪ್ಪ, ಆ ಬೇಟೆ ಕಂಪನಿಯವನೂ ಫೋನ್ ಮಾಡ್ತಾನೇ ಇದ್ದಾನೆ," ಎಂದ ಲೈಲ್, ಹಾಲ್ವರ್ ಅವರ ಮಗ. ಈ ಮನುಷ್ಯ ಹುಟ್ಟಿದಾಗಿನಿಂದ ಯಾರ ಪರವಾಗಿಯೂ ಪೂರ್ತಿ ಒಂದು ವಾಕ್ಯ ಆಡಿದವನಲ್ಲ.

"ನೀನು ಸುಮ್ನಿರಪ್ಪ," ಎಂದಳು ಸಿಗ್ರಿಡ್. "ತಾತ, ಒಂದೇ ಒಂದು ವರ್ಷ. ಆಮೇಲೆ ನೀನು ಬೇಡ ಅಂದ್ರೆ ಬೇಡ."

ಹಾಲ್ವರ್ ರೊಟ್ಟಿಯ ತುಂಡನ್ನು ಕಾಫಿಗೆ ಅದ್ದಿದರು. ಅದನ್ನು ನುಂಗಿಕೊಂಡು ಹೇಳಿದರು:

"ಒಂದು ವರ್ಷ. ನನ್ನ ದನದ ಒಂದು ಕೂದಲು ಕೊಂಕಬಾರದು. ಏನೂ ಆಗದೆ ಕ್ರಿಸ್‌ಮಸ್ ಬಂತು ಅಂದ್ರೆ ತೆಂಕಣ ಹುಲ್ಲುಗಾವಲು ನಿನ್ನ ಹೆಸರಿಗೆ. ಏನಾದ್ರೂ ಆಯ್ತೋ, ಆ ಕಂಪನಿಯವನ ಕಾಗದಕ್ಕೆ ಸಹಿ. ಆಮೇಲೆ ಅಳಬಾರದು."

"ಅಳೋದು ಯಾರು ನೋಡೋಣ," ಎಂದು ಸಿಗ್ರಿಡ್ ಎದ್ದುಹೋಗಿ ತಾತನ ತಲೆಗೆ ಮುತ್ತು ಕೊಟ್ಟಳು. ಮಾರ್ಲಿಸ್‌ಗೆ ಹೊಟ್ಟೆ ತಣ್ಣಗಾಯಿತು. ಮಗಳು ಇಲ್ಲೇ ಉಳಿಯುತ್ತಾಳೆ. ಅದಕ್ಕಿಂತ ಇನ್ನೇನು ಬೇಕು!

ಆ ಮನೆಯಲ್ಲಿ ಮಕ್ಕಳು ಅಕ್ಷರಕ್ಕಿಂತ ಮೊದಲು ಕಲಿಯುವುದು ಒಂದು ಮಾತು: ಗೇಟನ್ನು ಕಂಡ ಹಾಗೆ ಬಿಡು. ತೆರೆದಿದ್ದರೆ ತೆರೆದೇ ಬಿಡು, ಹಾಕಿದ್ದರೆ ಹಾಕಿಯೇ ಹೋಗು. ಯಾಕೆ ಎಂದು ಕೇಳಬೇಡ, ಯಾಕೆ ಅನ್ನುವುದು ಗೇಟು ಇಟ್ಟವನಿಗೆ ಗೊತ್ತಿರುತ್ತದೆ. ಅಂಗಳದ ಮುಂದಿನ ಕಬ್ಬಿಣದ ಗೇಟು ಯಾವಾಗಲೂ ತೆರೆದೇ ಇರುತ್ತಿತ್ತು. ಮಾರ್ಲಿಸ್ ಮದುವೆಯಾಗಿ ಬಂದು ಇಪ್ಪತ್ತೆಂಟು ವರ್ಷವಾಯಿತು, ಒಂದು ದಿನವೂ ಅದನ್ನು ಹಾಕಿದ್ದು ಕಂಡಿರಲಿಲ್ಲ. ಕೀಲು ತುಕ್ಕು ಹಿಡಿದು, ಅಲುಗಿಸಿದರೆ ಹಂದಿ ಕೊಯ್ದ ಹಾಗೆ ಕಿರುಚುತ್ತಿತ್ತು. ಸಿಗ್ರಿಡ್ ಚಿಕ್ಕವಳಿದ್ದಾಗ ಅದರ ಮೇಲೆ ನಿಂತು ಜೀಕುತ್ತಿದ್ದಳು.

ಆಗಸ್ಟ್ ಕೊನೆಗೆ ಇಲಾಖೆಯಿಂದ ಬೋರ್ಡು ಬರೆಯಲು ಹದಿನಾರು ಖಾಲಿ ತಗಡು ಬಂದವು, ಹೊಲದ ಗೇಟಿಗೊಂದರಂತೆ. ಬರೆಯುವ ಕೆಲಸ ಮಾರ್ಲಿಸ್‌ದು. ಅಡುಗೆಮನೆ ಮೇಜಿನ ಮೇಲೆ ಪತ್ರಿಕೆ ಹಾಸಿ, ಅಚ್ಚಿಟ್ಟು ಕೆಂಪು ಬಣ್ಣ ಬಳಿಯುತ್ತ ಕೂತಳು. 'ಗೇಟನ್ನು ಕಂಡ ಹಾಗೆ ಬಿಡಿ' ಅಂತ ಬರಿ ಎಂದು ಸಿಗ್ರಿಡ್ ಹೇಳಿ ಹೋಗಿದ್ದಳು. ಅಚ್ಚಿನ ಅಕ್ಷರ ದೊಡ್ಡದು, ತಗಡು ಚಿಕ್ಕದು. ಮೂರು ತಗಡು ಕೆಡಿಸಿ, ಒರೆಸಿ, ಕೊನೆಗೆ ಬೇಸತ್ತು 'ಗೇಟು ಹಾಕಿ' ಎಂದಷ್ಟೇ ಬರೆದಳು. ಎಲ್ಲ ಒಂದೇ ಅಲ್ಲವೇ! ಪೇಟೆಯ ಕ್ಷೌರಿಕನ ಮಗಳು ಅವಳು. ಅವಳ ತವರಿನಲ್ಲಿ ಬಾಗಿಲು ಅಂದರೆ ಹಾಕುವುದಕ್ಕೇ ಇದ್ದದ್ದು.

ಮಾರನೆಯ ದಿನ ಮಾವನನ್ನೂ ಪಿಕಪ್ಪಿನಲ್ಲಿ ಕೂರಿಸಿಕೊಂಡು ಬೋರ್ಡು ಹೊಡೆಯಲು ಹೊರಟಳು. ಜುಲೈನಲ್ಲಿ ಅವರು ಅಂಚೆ ಡಬ್ಬದ ಕಂಬವನ್ನೂ ಎರಡು ಕೋಳಿಯನ್ನೂ ಕೆಡವಿದ ಮೇಲೆ ಅವರ ಗಾಡಿಯ ಬೀಗದಕೈ ಕಿತ್ತುಕೊಂಡು ಹಿಟ್ಟಿನ ಡಬ್ಬದಲ್ಲಿ ಬಚ್ಚಿಟ್ಟವಳು ಅವಳೇ. ಆಗ ನಾಲ್ಕು ದಿನ ಮುದುಕರು ಮಾತಾಡಿರಲಿಲ್ಲ. ಆ ತಪ್ಪು ಮನಸ್ಸಿನಲ್ಲಿ ಚುಚ್ಚುತ್ತಿದ್ದುದರಿಂದಲೇ ಜೊತೆಗೆ ಕರೆದದ್ದು.

"ಏನು ಬರ್ದೆ? ಓದು," ಎಂದರು.

ಓದಿದಳು.

"ಹ್ಮ್."

ಹದಿನೈದು ಗೇಟು ಮುಗಿದು ಕೊನೆಗೆ ತಗ್ಗಿನ ಗೇಟು. ಹೆಸರಿಗೆ ಗೇಟು. ಮುಳ್ಳುತಂತಿಗೆ ನಾಲ್ಕು ಗೂಟ ಕಟ್ಟಿದ್ದು, ಬಿಚ್ಚಿ ಪಕ್ಕಕ್ಕೆಸೆದು ವರ್ಷಗಳಾಗಿ ಹುಲ್ಲಿನಲ್ಲಿ ಹೂತುಹೋಗಿತ್ತು. ತೆಂಕಣ ಹುಲ್ಲುಗಾವಲಿನ ದನ ನೀರಿನ ತೊಟ್ಟಿಗೆ ಹೋಗುವುದು ಅದೊಂದೇ ಕಿಂಡಿಯಲ್ಲಿ. ಮಾರ್ಲಿಸ್ ಕಂಬಕ್ಕೆ ಮೊಳೆ ಇಟ್ಟಳು.

"ಇದಕ್ಕೂನಾ?" ಗಾಡಿಯೊಳಗಿಂದ ಮಾವ ಕೇಳಿದರು.

"ಹದಿನಾರು ಕೊಟ್ಟಿದ್ದಾರೆ ಮಾವ, ಹದಿನಾರೂ ಹೊಡೀಬೇಕು."

"ಹ್ಮ್," ಎಂದರು ಹಾಲ್ವರ್. ಮನೆ ಮುಟ್ಟುವ ತನಕ ಬೇರೆ ಮಾತಿಲ್ಲ.

ಸೆಪ್ಟೆಂಬರ್ ಒಂದಕ್ಕೆ ಜನ ಬಂದರು. ಗೇಟಿನ ಬಳಿಯ ಪೆಟ್ಟಿಗೆಯಲ್ಲಿ ಚೀಟಿ ಬರೆದು ಹಾಕಿ ಒಳಗೆ ಹೋಗಬೇಕು, ಅಷ್ಟೇ ನಿಯಮ. ಕಾಡುಕೋಳಿಗೆ ಬಂದವರು, ಕುಂಟೆಗೆ ಗಾಳ ಹಾಕಲು ಬಂದ ಮುದುಕಿಯರು. ಶಾಲೆಯ ಅಡುಗೆಯವಳೊಬ್ಬಳು ಹಿಡಿದ ಮೀನಿನಲ್ಲಿ ಎರಡನ್ನು ಕೊಯ್ದು ತೊಳೆದು ಮೆಟ್ಟಿಲ ಮೇಲಿಟ್ಟು ಹೋದಳು. ಊಟದ ಹೊತ್ತಿಗೆ ಸಿಗ್ರಿಡ್ ಚೀಟಿಗಳನ್ನು ಗಟ್ಟಿಯಾಗಿ ಓದುತ್ತಿದ್ದಳು.

"ಕೇಳು ತಾತ. 'ಇಪ್ಪತ್ತು ವರ್ಷದಿಂದ ಬೇಲಿಯಾಚೆ ನಿಂತು ನೋಡ್ತಿದ್ದೆ. ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ.'"

"ಊರಿಗೆ ಉಪಕಾರಿ, ಮನೆಗೆ ಮಾರಿ," ಎಂದರು ಹಾಲ್ವರ್. ಆದರೂ ಮೀನು ಎರಡನೆಯ ಸಲ ಹಾಕಿಸಿಕೊಂಡರು. ಸಿಗ್ರಿಡ್ ಅಮ್ಮನತ್ತ ನೋಡಿ ಕಣ್ಣು ಮಿಟುಕಿಸಿದಳು.

ಎರಡನೆಯ ವಾರ ಬಿಸಿಲು ಮತ್ತೆ ತಿರುಗಿ ಬಿತ್ತು. ನೂರು ಡಿಗ್ರಿ ಫ್ಯಾರನ್‌ಹೀಟ್. ಮಳೆ ಬರುವುದರೊಳಗೆ ಎರಡನೆಯ ಕೊಯ್ಲು ಮುಗಿಸಬೇಕೆಂದು ಲೈಲ್ ಮತ್ತು ಸಿಗ್ರಿಡ್ ಭಾನುವಾರದಿಂದ ಬಡಗಣ ಹೊಲದಲ್ಲೇ ಹುಲ್ಲು ಕಟ್ಟುತ್ತಿದ್ದರು. ಮಾರ್ಲಿಸ್ ಬುತ್ತಿ ಒಯ್ದು ಕೊಟ್ಟು ಬರುವಳು, ಬಂದು ಚೋಕ್‌ಚೆರಿ ಹಣ್ಣು ಬೇಯಿಸಿ ಜಾಮ್ ಕಟ್ಟುವಳು. ಭಾನುವಾರ ಪೆಟ್ಟಿಗೆಯ ಚೀಟಿ ತಂದವಳು ಓದಲು ಪುರುಸೊತ್ತಿಲ್ಲದೆ ಬಿಸ್ಕತ್ತಿನ ಡಬ್ಬಕ್ಕೆ ತುರುಕಿದ್ದಳು.

ಬುಧವಾರ ಮಧ್ಯಾಹ್ನ ಟ್ರ್ಯಾಕ್ಟರಿನ ಬೆಲ್ಟು ಹರಿಯಿತು. ಹೊಸದು ತರುವ ದಾರಿಯಲ್ಲಿ ಸಿಗ್ರಿಡ್ ತೆಂಕಣ ಹುಲ್ಲುಗಾವಲಿನತ್ತ ತಿರುಗಿಸಿದಳು. ಅಲ್ಲಿಂದಲೇ ಫೋನು.

"ಅಮ್ಮಾ, ಬಾ. ಬೇಗ ಬಾ. ತಗ್ಗಿನ ಗೇಟು ಯಾರೋ ಹಾಕಿಬಿಟ್ಟಿದ್ದಾರೆ!"

ಮಾರ್ಲಿಸ್ ಒಲೆ ಆರಿಸದೆ ಓಡಿದಳು. ಅವಳು ಮುಟ್ಟುವ ಹೊತ್ತಿಗೆ ಸಿಗ್ರಿಡ್ ತಂತಿ ಕಿತ್ತೆಸೆದಾಗಿತ್ತು, ಕೈಯೆಲ್ಲ ರಕ್ತ. ನಲವತ್ತಾರು ಹಸು ತೊಟ್ಟಿಗೆ ಮುಗಿಬಿದ್ದಿದ್ದವು. ಒಂದರ ಮೇಲೊಂದು ಏರಿ, ಮೂಗು ಮುಳುಗಿಸಿ, ಉಸಿರು ಬಿಡದೆ ಕುಡಿಯುತ್ತಿದ್ದವು.

"ಕುಡೀಲಿ, ಕುಡೀಲಿ ಪಾಪ," ಎಂದು ಸಿಗ್ರಿಡ್ ಅಳುತ್ತ ನಗುತ್ತಿದ್ದಳು. "ಎಷ್ಟು ದಿನ ಆಗಿತ್ತೋ ಏನೋ. ಸದ್ಯ, ಬದುಕಿದ್ವಲ್ಲ ಅಮ್ಮ!"

ದನ ನುಗ್ಗಿದ ರಭಸಕ್ಕೆ ಕಂಬ ಮುರಿದಿತ್ತು. ಸಗಣಿಯಲ್ಲಿ ತುಳಿದು ಮಡಚಿಹೋದ ತಗಡೊಂದು ಮಾರ್ಲಿಸ್ ಕಣ್ಣಿಗೆ ಬಿತ್ತು. ಕೆಂಪು ಅಕ್ಷರ. ಮಗಳು ಅತ್ತ ತಿರುಗಿದ್ದಾಗ ಅದನ್ನೆತ್ತಿ ಗಾಡಿಯ ಸೀಟಿನಡಿ ಹಾಕಿದಳು. ಯಾಕೆ ಹಾಗೆ ಮಾಡಿದೆ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಳು. ಆ ಗಳಿಗೆಯಲ್ಲಿ ಕೈ ತಾನಾಗಿ ಮಾಡಿತ್ತು.

ಮನೆಗೆ ಬಂದು ಹೇಳಿದಾಗ ಹಾಲ್ವರ್ ಕುರ್ಚಿಯಿಂದ ಅರ್ಧ ಎದ್ದರು.

"ನೀರು ಬಿಟ್ಟಳಾ? ಒಟ್ಟಿಗೇನಾ?"

"ಮತ್ತೇನು ಮಾಡ್ಬೇಕಿತ್ತು ಮಾವ? ಎಷ್ಟು ದಿನದ ಬಾಯಾರಿಕೆಯೋ!"

"ಅಯ್ಯೋ ಹುಚ್ಚಿ! ಹಿಡಿದು ಹಿಡಿದು ಬಿಡ್ಬೇಕು. ಗುಟುಕು ಗುಟುಕು, ದಿನವೆಲ್ಲ. ಅಷ್ಟು ಬತ್ತಿದ ದನ ಹೊಟ್ಟೆ ತುಂಬ ಕುಡಿದ್ರೆ ತಲೆಗೇರುತ್ತೆ, ಸಾಯುತ್ತೆ. ನನ್ನನ್ನ ಒಂದು ಮಾತು ಕೇಳಬಾರದಾಗಿತ್ತಾ? ಈ ಮನೇಲಿ ಯಾರಾದ್ರೂ ನನ್ನ ಏನಾದ್ರೂ ಕೇಳ್ತೀರಾ?"

ಸಂಜೆಯೊಳಗೆ ಮೊದಲ ಹಸು ಕುಡಿದವರ ಹಾಗೆ ತೂರಾಡಿ ಬಿತ್ತು. ದನದ ಡಾಕ್ಟರು ಬಂದು ಮುದುಕರ ಮಾತನ್ನೇ ಹೇಳಿದ. ಶುಕ್ರವಾರಕ್ಕೆ ಹತ್ತೊಂಬತ್ತು ಸತ್ತವು. ಸಿಗ್ರಿಡ್ ಒಂದೊಂದಕ್ಕೂ ಸರಪಳಿ ಕಟ್ಟಿ ಟ್ರ್ಯಾಕ್ಟರಿನಲ್ಲಿ ಎಳೆದು ಹಳ್ಳಕ್ಕೆ ಹಾಕಿದಳು. ಲೈಲ್ ಬರುತ್ತೇನೆಂದರೆ ಬೇಡ ಅಂದಳು. ತಾಯಿಯಿಲ್ಲದ ಕರುಗಳನ್ನು ಕೊಟ್ಟಿಗೆಯ ಬಳಿ ಕೂಡಿದರು. ಅವು ಅರಚುವುದು ಅಡುಗೆಮನೆಗೆ ಕೇಳುತ್ತಿತ್ತು, ಊಟದ ಹೊತ್ತಿಗೂ ನಿಲ್ಲುತ್ತಿರಲಿಲ್ಲ.

"ನಾನೇ ಕೊಂದೆ ಅಮ್ಮ," ಎಂದಳು ಸಿಗ್ರಿಡ್, ಪಾತ್ರೆ ಒರೆಸುತ್ತ. "ಗೇಟು ಹಾಕಿದವನು ಕೊಲ್ಲಲಿಲ್ಲ. ತೆಗೆದವಳು ಕೊಂದೆ."

"ಹಾಗನ್ಬೇಡ್ವೇ."

"ಮತ್ತೆ ಹೇಗನ್ಲಿ?"

ಮಾರ್ಲಿಸ್ ಇನ್ನೊಂದು ತಟ್ಟೆ ತೊಳೆದು ಮಗಳ ಕೈಗೆ ಕೊಟ್ಟಳು. ಹಿಂದಿನ ದಿನವೇ ಅವಳು ಬಿಸ್ಕತ್ತಿನ ಡಬ್ಬ ಬಗ್ಗಿಸಿ ತಗ್ಗಿನ ಗೇಟಿನ ಮಾತಿದ್ದ ಚೀಟಿ ಹುಡುಕಿ ತೆಗೆದು, ನಾಲ್ಕು ಮಡಿಕೆ ಮಾಡಿ ಅಡುಗೆ ಪುಸ್ತಕದೊಳಗೆ ಸಿಕ್ಕಿಸಿದ್ದಳು.

ಅಂದು ಊಟದ ಮೇಜಿನಲ್ಲಿ ಲೈಲ್ ಮೊದಲ ಬಾರಿಗೆ ಪೂರ್ತಿ ವಾಕ್ಯ ಆಡಿದ. "ಗೇಟು ಕಂಡ ಹಾಗೆ ಬಿಡೋದು ಗೊತ್ತಿಲ್ಲದ ನನ್ಮಗ ಇನ್ನೊಬ್ಬರ ಹೊಲಕ್ಕೆ ಯಾಕೆ ಕಾಲಿಡಬೇಕು? ಬೋರ್ಡಲ್ಲಿ ಬರೆದಿದ್ರೂ ಓದೋಕೆ ಆಗಲ್ವಾ ಕತ್ತೆಗೆ?"

ಬೋರ್ಡುಗಳಲ್ಲಿ ಏನು ಬರೆದಿದೆ ಎಂದು ಅವನು ಓದಿರಲೇ ಇಲ್ಲ. ಸಿಗ್ರಿಡ್ ಓದಿದ್ದಳು, ಆದರೆ ಹುಲ್ಲಿನಲ್ಲಿ ಹೂತ ತಗ್ಗಿನ ಗೇಟಿಗೂ ಬೋರ್ಡು ಹೊಡೆದಿರಬಹುದೆಂದು ಅವಳ ಕನಸಿಗೂ ಹೊಳೆಯಲಿಲ್ಲ. ಸದಾ ಹಾಕಿಯೇ ಇರುವ ಹೊಲದ ಉಳಿದ ಗೇಟುಗಳ ಮೇಲೆ 'ಹಾಕಿ' ಅಂತಿದ್ದರೆ ಯಾರಿಗೆ ಏನು ತಪ್ಪು ಕಾಣುತ್ತದೆ?

"ಮಾತು ಮಾತೇ," ಎಂದರು ಹಾಲ್ವರ್. "ಲೈಲ್, ಆ ಕಂಪನಿಯವನಿಗೆ ಫೋನ್ ಮಾಡು."

"ತಾತ..."

"ಅಳಬಾರದು ಅಂದಿದ್ದೆ."

"ಅಳ್ತಿಲ್ಲ," ಎಂದಳು ಸಿಗ್ರಿಡ್. ನಿಜವಾಗಿಯೂ ಅಳುತ್ತಿರಲಿಲ್ಲ. ಮಾಂಸ ತಣ್ಣಗಾಗಿ ಕೊಬ್ಬು ಹೆಪ್ಪುಗಟ್ಟಿತ್ತು.

ಆಮೇಲಿನ ಮೂರು ವಾರ ಮಾರ್ಲಿಸ್ ಹೇಗೆ ಕಳೆದಳೋ ಅವಳಿಗೇ ಗೊತ್ತು. ಇವತ್ತು ಹೇಳುತ್ತೇನೆ ಎಂದು ಬೆಳಗ್ಗೆ ಏಳುವಳು. ಸಹಿಯಾಗುವುದಕ್ಕೆ ಮುಂಚೆ ಹೇಳಿದರೆ ಏನಾದರೂ ಉಳಿದೀತು ಅನ್ನುವುದೂ ಗೊತ್ತಿತ್ತು. ಆದರೆ 'ಪೇಟೆ ಹುಡುಗಿ' ಎಂದು ಇಪ್ಪತ್ತೆಂಟು ವರ್ಷ ಅನ್ನಿಸಿಕೊಂಡವಳು ತಾನೇ ಹೋಗಿ ಕೊರಳು ಒಡ್ಡುವುದೆಂತು? ಕಂಪನಿಯವನು ಬಂದ, ಹೊಳೆಯುವ ಬೂಟು ಹಾಕಿಕೊಂಡು ಅಡುಗೆಮನೆಯಲ್ಲಿ ಕೂತ, ಅವಳು ಮಾಡಿದ ಸೇಬಿನ ಪೈ ತಿಂದು ಹೊಗಳಿದ. ಹತ್ತು ವರ್ಷಕ್ಕೆ ಗುತ್ತಿಗೆ ಕಾಗದ. ಮಾವನಿಗೆ ಸಹಿ ಹಾಕುವ ಜಾಗ ಕಾಣಲಿಲ್ಲ. ಅವರ ಬೆರಳು ಹಿಡಿದು ಗೆರೆಯ ಮೇಲಿಟ್ಟವಳು ಮಾರ್ಲಿಸ್.

ಸಿಗ್ರಿಡ್ ಬೋರ್ಡು ಕಿತ್ತಳು, ಚೀಟಿ ಪೆಟ್ಟಿಗೆ ಕಿತ್ತಳು, ಕಂಪನಿಯವರು ಕೊಟ್ಟ ಸರಪಳಿ, ಬೀಗ ಹಾಕಿಬಂದಳು. ಕೆಲಸ ಯಾವುದಾದರೇನು, ಆ ಹುಡುಗಿ ಅರ್ಧಕ್ಕೆ ಬಿಟ್ಟವಳಲ್ಲ. ಆದರೆ ಉಣ್ಣುವುದು ಬಿಟ್ಟಿದ್ದಳು. ಕಾಲರ್ ಮೂಳೆ ಎದ್ದು ಕಾಣುತ್ತಿತ್ತು.

ಅಕ್ಟೋಬರಿನ ಒಂದು ಬೆಳಗ್ಗೆ, ಮೊಟ್ಟೆ ಬಡಿಸಿದ ಮೇಲೆ, ಸಿಗ್ರಿಡ್ ತಟ್ಟೆ ಸರಿಸಿ ಹೇಳಿದಳು: "ದನದ ಸಂತೆ ಅಂಗಳದಲ್ಲಿ ಕೆಲಸ ಇದೆಯಂತೆ, ಬಿಲ್ಲಿಂಗ್ಸ್ ಪಟ್ಟಣದಲ್ಲಿ. ಹೋಗೋಣ ಅಂತಿದ್ದೀನಿ. ದನ ಕೊಂದವಳಿಗೆ ದನ ಮಾರೋ ಕೆಲಸ, ಸರಿಯಾಗೇ ಇದೆ."

ಮಾರ್ಲಿಸ್ ಕೈಯಲ್ಲಿದ್ದ ಕಾಫಿ ಪಾತ್ರೆಯನ್ನು ಕೆಳಗಿಟ್ಟಳು. ಹೊರಗೆ ಹೋದಳು. ಗಾಡಿಯಿಂದ ಆ ಮಡಚಿದ ತಗಡು ತಂದು ಮೇಜಿನ ನಡುವೆ ಹಾಕಿದಳು. ಅಡುಗೆ ಪುಸ್ತಕದಿಂದ ಚೀಟಿ ತೆಗೆದು ಮಗಳ ಮುಂದಿಟ್ಟಳು.

"ಇದು ತಗ್ಗಿನ ಗೇಟಿಂದು. ನಾನು ಬರೆದದ್ದು. ನಾನೇ ಹೊಡೆದದ್ದು."

ಸಿಗ್ರಿಡ್ ತಗಡು ನೋಡಿದಳು. ಆಮೇಲೆ ಚೀಟಿ ಓದಿದಳು, ಗಟ್ಟಿಯಾಗಿ, ಮೊದಲು ಓದುತ್ತಿದ್ದ ಹಾಗೆಯೇ.

"'ಶನಿವಾರ. ವೆಂಡೆಲ್ ಕೋಸ್ಕಿ ಮತ್ತು ನಮ್ಮಪ್ಪ. ಅಪ್ಪ ಮೂವತ್ತು ವರ್ಷದ ಮೇಲೆ ಈ ಗುಡ್ಡ ಹತ್ತಿದರು. ಒಂದು ಕೋಳಿ ಸಿಕ್ಕಿತು, ಅಷ್ಟು ಸಾಕು. ದಕ್ಷಿಣದ ಕೊನೆಯ ಗೇಟು ಬಿದ್ದುಹೋಗಿತ್ತು. ಬೋರ್ಡು ನೋಡಿ ಇಬ್ಬರೂ ಸೇರಿ ಹುಲ್ಲಿನಿಂದ ಕಿತ್ತು ಎಬ್ಬಿಸಿ ಹಾಕಿದ್ದೇವೆ. ಅರ್ಧ ಗಂಟೆ ಹಿಡಿಯಿತು. ಒಮ್ಮೆ ನೋಡಿಕೊಳ್ಳಿ. ನಿಮ್ಮ ಉಪಕಾರ ಮರೆಯುವುದಿಲ್ಲ.'"

ಚೀಟಿಯನ್ನು ತಗಡಿನ ಪಕ್ಕಕ್ಕೆ ಇಟ್ಟಳು.

"ಭಾನುವಾರವೇ ಇದು ಮನೇಲಿತ್ತು," ಎಂದಳು ಮಾರ್ಲಿಸ್. "ಡಬ್ಬದಲ್ಲಿ. ಆಗಿನ್ನೂ ಒಂದೂ ಸತ್ತಿರ್ಲಿಲ್ಲ. ನಾನು ಓದ್ಲಿಲ್ಲ. ನಿನ್ನ ತಪ್ಪಲ್ಲ ಕಣೇ, ಆ ಮನುಷ್ಯಂದೂ ಅಲ್ಲ. ಮಾವ, ಏನು ಬೈತೀರೋ ನನ್ನ ಬೈಯಿರಿ. ಪೇಟೆಯವಳು ಅನ್ನಿ, ಏನಾದ್ರೂ ಅನ್ನಿ. ಆ ಕಾಗದ ಹರಿದು ಹಾಕಿ."

ಹಾಲ್ವರ್ ಕೈಯಾಡಿಸಿ ತಗಡನ್ನು ಹುಡುಕಿದರು. ಅದರ ಅಂಚನ್ನು ಹೆಬ್ಬೆರಳಿನಿಂದ ಸವರಿದರು.

"ನಂಗೊತ್ತಿತ್ತು," ಎಂದರು.

"ಏನು ಗೊತ್ತಿತ್ತು ಅಪ್ಪ?" ಎಂದ ಲೈಲ್.

"ಅವಳು ಮೊಳೆ ಹೊಡೆದ ದಿನವೇ. ಇದಕ್ಕೂನಾ ಅಂತ ಕೇಳ್ದೆ. ಹದಿನಾರು ಹೊಡೀಬೇಕು ಅಂದ್ಲು. ಸರಿ, ಹೊಡಿ ಅಂದ್ಕೊಂಡೆ. ಯಾರಾದ್ರೂ ಪೆದ್ದ ಬಂದು ಹಾಕ್ತಾನೆ, ದನ ಒಂದು ದಿನ ಅರಚ್ತಾವೆ, ಆಗ ನನ್ನ ಹತ್ರ ಬರ್ತೀರಿ, ಯಾಕೆ ತಾತ, ಏನ್ ಮಾಡೋದು ತಾತ ಅಂತ. ಅಷ್ಟೇ ನನ್ನ ಮನಸ್ಸಲ್ಲಿದ್ದದ್ದು. ಒಂದು ದಿನ."

"ನಾಲ್ಕು ದಿನ ತಾತ."

"ಪ್ರತಿ ಸೋಮವಾರ ಬೆಳಗ್ಗೆ ಆ ತೊಟ್ಟಿ ನೋಡಿ ಬರ್ತಿದ್ದವನು ನಾನು. ನಲವತ್ತು ವರ್ಷ. ನಿಮ್ಮಲ್ಲಿ ಯಾರಿಗಾದ್ರೂ ಗೊತ್ತಿತ್ತಾ? ಬೀಗದಕೈ ಕಿತ್ತುಕೊಂಡ್ರಲ್ಲ, ಮಾವ ಇಷ್ಟು ದಿನ ಏನು ಕೆಲಸ ಮಾಡ್ತಿದ್ರು ಅಂತ ಒಬ್ರಾದ್ರೂ ಕೇಳಿದ್ರಾ? ಕೇಳ್ಲಿ ಅಂತ ಕಾದೆ."

ಹೊರಗೆ ಕರುಗಳ ಅರಚಾಟ ನಿಂತು ಎಷ್ಟೋ ದಿನವಾಗಿತ್ತು. ಮಾರ್ಲಿಸ್ ಹೋಗಿ ಕೆಟಲ್ ಕೆಳಗಿನ ಒಲೆ ಆರಿಸಿದಳು.

"ಹತ್ತೊಂಬತ್ತು," ಎಂದಳು ಸಿಗ್ರಿಡ್. ಅವಳ ದನಿ ಏರಲಿಲ್ಲ. "ಒಂದೊಂದರ ಕಾಲಿಗೂ ಸರಪಳಿ ಕಟ್ಟಿದವಳು ನಾನು. ನಾನೇ ಕೊಂದೆ ಅಂತ ಒಂದು ದಿನಾನೂ ನಿದ್ದೆ ಮಾಡಿಲ್ಲ. ನೀವಿಬ್ರೂ ಎದುರಿಗೆ ಕೂತು ಉಣ್ತಿದ್ರಿ. ಉಪ್ಪು ಕೊಡು ಅಂತಿದ್ರಿ. ಇಬ್ರಿಗೂ ಗೊತ್ತಿತ್ತು."

"ಸಿಗ್ರಿ..."

"ಜಮೀನು ಹೋಯ್ತು, ಹೋಗ್ಲಿ ಅಮ್ಮ. ನೀನು ಒಂದು ಮಾತು ಹೇಳಬಾರದಾಗಿತ್ತಾ?"

"ಕಾಗದ ಹರಿಯೋಕಾಗಲ್ಲ," ಎಂದ ಲೈಲ್, ಯಾರೂ ಕೇಳದೆಯೇ. "ಹತ್ತು ವರ್ಷಕ್ಕೆ ಸಹಿ ಆಗಿದೆ."

ಶನಿವಾರ ಬೆಳಗ್ಗೆ ಅವಳು ಹೊರಟಳು. ಎರಡು ಚೀಲ, ಒಂದು ಜೀನು, ಹಳೆಯ ಬೂಟು. ಮಾರ್ಲಿಸ್ ಬ್ರೆಡ್ಡು, ಜಾಮಿನ ಎರಡು ಶೀಷೆ ಕಟ್ಟಿಕೊಟ್ಟಳು. ಸಿಗ್ರಿಡ್ ಬ್ರೆಡ್ಡು ತೆಗೆದುಕೊಂಡಳು, ಜಾಮನ್ನು ಮೆಟ್ಟಿಲ ಮೇಲೆ ಬಿಟ್ಟಳು. ಆ ನಾಲ್ಕು ದಿನ ಕಟ್ಟಿದ ಜಾಮ್ ಅದು, ಅವಳಿಗೆ ಗೊತ್ತಿತ್ತು. ಲೈಲ್ ಟೈರಿನ ಗಾಳಿ ನೋಡುವ ನೆಪದಲ್ಲಿ ಬಗ್ಗಿಕೊಂಡೇ ಇದ್ದ. ವರಾಂಡದಲ್ಲಿ ಕೂತ ತಾತನ ಮುಂದೆ ಅವಳು ಒಂದು ಗಳಿಗೆ ನಿಂತಳು. ಅವರು ಕೈ ಚಾಚಿದರು, ಆದರೆ ಅವಳು ನಿಂತ ಕಡೆಗಲ್ಲ, ಸ್ವಲ್ಪ ಪಕ್ಕಕ್ಕೆ. ಅವಳು ಆ ಕೈಯನ್ನು ನೋಡಿ ಇಳಿದುಹೋದಳು.

ಗಾಡಿ ಅಂಗಳ ದಾಟಿ ನಿಂತಿತು. ಸಿಗ್ರಿಡ್ ಇಳಿದಳು. ಕಬ್ಬಿಣದ ಗೇಟಿಗೆ ಎರಡೂ ಕೈ ಕೊಟ್ಟು, ಭುಜ ಕೊಟ್ಟು ನೂಕಿದಳು. ಅದು ಕಿರುಚಿಕೊಂಡು, ಮಣ್ಣು ಕೆರೆದುಕೊಂಡು ಬಂದು ಕಂಬಕ್ಕೆ ಬಡಿಯಿತು. ಚಿಲಕ ಹಾಕಿದಳು, ಹತ್ತಿದಳು, ಹೋದಳು.

ವರಾಂಡದಲ್ಲಿ ಹಾಲ್ವರ್ ಮುಖ ಎತ್ತಿದರು.

"ಏನದು ಸದ್ದು? ಗೇಟು ಹಾಕಿದ್ಲಾ?"

"ಹೂಂ ಮಾವ."

"ಹೋಗು. ಹೋಗಿ ತೆಗೆದು ಬಾ. ಅದು ತೆಗೆದೇ ಇರ್ಬೇಕು."

ಮಾರ್ಲಿಸ್ ಮೆಟ್ಟಿಲ ಮೇಲಿದ್ದ ಜಾಮಿನ ಶೀಷೆಗಳನ್ನು ಎತ್ತಿಕೊಂಡಳು.

"ಕಂಡ ಹಾಗೆ ಬಿಡ್ಬೇಕು ಮಾವ," ಎಂದಳು. "ಯಾಕೆ ಅನ್ನೋದು ಇಟ್ಟವರಿಗೆ ಗೊತ್ತಿರುತ್ತೆ."

ಒಳಗೆ ಹೋಗಿ ಮಧ್ಯಾಹ್ನದ ಅಡುಗೆಗೆ ಆಲೂಗಡ್ಡೆ ಹೆರೆಯಲು ಕೂತಳು. ನಾಲ್ಕು ಜನಕ್ಕೆ ಹೆರೆದಾದ ಮೇಲೆ ಒಂದನ್ನು ತಿರುಗಿ ಬುಟ್ಟಿಗೆ ಹಾಕಿದಳು.